ಒಂದ್ಸಲ ಹಾಕ್ಸಿದ್ದೀವಲ್ಲ, ಇನ್ನ್ಯಾಕೆ?



ನನ್ನ ತಮ್ಮನಿಗೆ ದಡಾರದ ಎರಡನೇ ಚುಚ್ಚುಮದ್ದು ಹಾಕಿಸಬೇಕಿತ್ತು. "ಒಂದ್ಸಲ ಹಾಕ್ಸಿದ್ದೀವಲ್ಲ, ಜ್ವರ ಬೇರೆ ಬಂದಿತ್ತು, ಇನ್ನ್ಯಾಕೆ?" ಅಂದರು ಅಜ್ಜಿ. ನನಗೂ ಉತ್ತರ ಗೊತ್ತಿರಲಿಲ್ಲ. ಮೇಷ್ಟ್ರನ್ನು ಕೇಳಿ ತಿಳಿದದ್ದನ್ನು ಬರೆದಿದ್ದೇನೆ.

ದಡಾರದ ಗುಳ್ಳೆ ಚರ್ಮದ ಮೇಲೆ ಕಂಡರೂ ಅದರ ವೈರಸ್ ಒಳಗೆ ಹೋಗುವುದು ಉಸಿರಿನ ಮೂಲಕ. ರೋಗಿ ಎದ್ದು ಹೋದ ಮೇಲೂ ಕೋಣೆಯ ಗಾಳಿಯಲ್ಲಿ 2 ಗಂಟೆವರೆಗೆ ಇರಬಲ್ಲದು.

ಲಸಿಕೆಯಲ್ಲಿರುವುದು ಇದೇ ವೈರಸ್, ಆದರೆ ಶಕ್ತಿ ಕುಂದಿಸಿದ್ದು. ಅದು ಮೈ ಸೇರಿದಾಗ ಅದನ್ನು ಗುರುತಿಸಬಲ್ಲ ಕೆಲವೇ ಬಿಳಿ ರಕ್ತಕಣಗಳು ಎಚ್ಚೆತ್ತು ಬಹಳ ಪಟ್ಟು ಹೆಚ್ಚುತ್ತವೆ. ಬಿ ಕಣಗಳು ಪ್ರತಿಕಾಯ ತಯಾರಿಸುತ್ತವೆ. ಟಿ ಕಣಗಳಲ್ಲಿ ಕೆಲವು ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುತ್ತವೆ. ಇದಕ್ಕೆ ಒಂದೆರಡು ವಾರ ಬೇಕು. ಕೆಲವರಿಗೆ ಬರುವ ಸಣ್ಣ ಜ್ವರ ಈ ಕೆಲಸದ್ದೇ ಗುರುತು.

ಆಮೇಲೆ ಹೆಚ್ಚಿನ ಕಣಗಳು ಸಾಯುತ್ತವೆ, ಕೆಲವು ಉಳಿಯುತ್ತವೆ. ಇವೇ ನೆನಪಿನ ಕಣಗಳು. ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ಬೆಳೆ ಹೋದರೂ ಬಿತ್ತನೆ ಬೀಜ ಎತ್ತಿಡುತ್ತೇವಲ್ಲ, ಹಾಗೆ. ಇವು ದುಗ್ಧಗ್ರಂಥಿ, ಗುಲ್ಮಗಳಲ್ಲಿ ಕಾದು ಕೂತಿರುತ್ತವೆ. ಪ್ರತಿಕಾಯ ತಯಾರಿಸುವ ಕೆಲವು ಕಣಗಳು ಮೂಳೆಮಜ್ಜೆಯಲ್ಲಿ ವರ್ಷಗಟ್ಟಲೆ ಬದುಕುತ್ತವೆ. ನಿಜವಾದ ವೈರಸ್ ಬಂದರೆ ಕೆಲವೇ ದಿನದಲ್ಲಿ ದೊಡ್ಡ ಸೈನ್ಯ ಸಿದ್ಧ!

ಈ ನೆನಪು ಎಷ್ಟು ದಿನ ಇರುತ್ತೆ? ಫೆರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಬಂದಿತ್ತು. ಮತ್ತೆ ಬಂದದ್ದು 1846ರಲ್ಲಿ. ಆಗ ಸುಮಾರು 6,000 ಜನ ಮಲಗಿದರು. ಆದರೆ 65 ವರ್ಷ ಹಿಂದೆ ದಡಾರ ಕಂಡಿದ್ದ ಮುದುಕರಿಗೆ ಅದು ಬರಲಿಲ್ಲ. ಇದನ್ನು ಬರೆದಿಟ್ಟವರು ಪಾನುಮ್ ಎಂಬ ವೈದ್ಯರು.

ಹಾಗಾದರೆ ರೋಗವೇ ಬರಲಿ ಅನ್ನಬಾರದೆ? ಬೇಡ. ದಡಾರದ ವೈರಸ್ ನೆನಪಿನ ಕಣಗಳಿಗೇ ನುಗ್ಗಿ ಅವನ್ನು ಕೊಲ್ಲುತ್ತದೆ. ಲಸಿಕೆ ಹಾಕಿಸದ 77 ಮಕ್ಕಳ ಪರೀಕ್ಷೆ 2019ರಲ್ಲಿ ಪ್ರಕಟವಾಯಿತು. ದಡಾರ ಬಂದು ಹೋದ ಮೇಲೆ ಅವರು ಬೇರೆ ರೋಗಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ 11ರಿಂದ 73 ಶೇಕಡಾ ಕಳೆದುಕೊಂಡಿದ್ದರು. ಎತ್ತಿಟ್ಟ ಬೀಜಕ್ಕೇ ಬೆಂಕಿ ಬಿದ್ದಂತೆ! ಲಸಿಕೆ ಹೀಗೆ ಮಾಡುವುದಿಲ್ಲ.

ಈಗ ಅಜ್ಜಿಯ ಪ್ರಶ್ನೆ. 9 ತಿಂಗಳಲ್ಲಿ ಹಾಕಿದ ಮೊದಲ ಚುಚ್ಚುಮದ್ದು 100ರಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ಹತ್ತುತ್ತದೆ. ತಾಯಿಯಿಂದ ಬಂದ ಪ್ರತಿಕಾಯ ಮಗುವಿನಲ್ಲಿ ಉಳಿದಿದ್ದರೆ ಲಸಿಕೆಯ ವೈರಸ್ಸನ್ನೇ ತಡೆದುಬಿಡುತ್ತದೆ. ಯಾರಿಗೆ ಹತ್ತಲಿಲ್ಲ ಅಂತ ಮುಖ ನೋಡಿ ಹೇಳಲಾಗದು. ಅದಕ್ಕೇ 16ರಿಂದ 24 ತಿಂಗಳೊಳಗೆ ಎಲ್ಲರಿಗೂ ಎರಡನೆಯದು.

ಇದನ್ನು ಹೇಳಿದ ಮೇಲೆ ಅಜ್ಜಿಯೇ ತಮ್ಮನನ್ನು ಎತ್ತಿಕೊಂಡು ಹೊರಟರು. ನಿಮ್ಮ ತಮ್ಮ ತಂಗಿಯರ ತಾಯಿ ಕಾರ್ಡನ್ನು ಇವತ್ತೇ ತೆಗೆದು ನೋಡಿ.

— 9ನೇ ತರಗತಿಯ ವಿದ್ಯಾರ್ಥಿನಿ, ಬಿಳಿಚೋಡು