ಟಿಕೆಟ್ಟಿನ ಗಡಿಯಾರ ನಂಬಿ ಕೂರಬೇಡಿ

ಲಂಡನ್ನಿನ ಹೀಥ್ರೂದಿಂದ ಪ್ಯಾರಿಸ್ಸಿನ ಷಾರ್ಲ್ ದ ಗಾಲ್ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 350 ಕಿಲೋಮೀಟರ್. ಟಿಕೆಟ್ಟಿನಲ್ಲಿ 10ಕ್ಕೆ ಹೊರಟು 12.20ಕ್ಕೆ ತಲುಪುತ್ತದೆ ಎಂದಿದ್ದರೆ ಕಳೆದು ಲೆಕ್ಕ ಹಾಕಬೇಡಿ. ಪ್ಯಾರಿಸ್ಸಿನ ಗಡಿಯಾರ ಒಂದು ಗಂಟೆ ಮುಂದಿದೆ. ವಾಪಸ್ ಬರುವಾಗ 10ಕ್ಕೆ ಬಿಟ್ಟ ವಿಮಾನ 10.20ಕ್ಕೇ ಮುಟ್ಟಿದಂತೆ ಕಾಣುತ್ತದೆ! ಹಾಗೆಂದು ಇಳಿದ ಕೂಡಲೇ ಮುಂದಿನ ವಿಮಾನ ಹಿಡಿಯುತ್ತೇನೆ ಅನ್ನಬೇಡಿ. ಪಾಸ್‌ಪೋರ್ಟ್ ಸಾಲು ನಿಮ್ಮ ಅವಸರ ಕೇಳುವುದಿಲ್ಲ.

ಅಗ್ಗದ ಟಿಕೆಟ್ಟಿನಲ್ಲಿ ‘ಪ್ಯಾರಿಸ್ ಬೋವೆ’ ಎಂದಿದ್ದರಂತೂ ಜೋಕೆ. ಹೆಸರಷ್ಟೇ ಪ್ಯಾರಿಸ್; ಊರು ಅಲ್ಲಿಂದ ಸುಮಾರು 85 ಕಿಲೋಮೀಟರ್, ಬಸ್ಸಿನ ಖರ್ಚು ಬೇರೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಹೊರಡುವ ರೈಲು ಎರಡೂವರೆ ಗಂಟೆಯೊಳಗೆ ಪ್ಯಾರಿಸ್ಸಿನ ನಡುವೆಯೇ ಇಳಿಸುತ್ತದೆ, ಅದನ್ನೂ ನೋಡಿ. ಅಂದಹಾಗೆ, ಲಂಡನ್ನಿಗೆ ಮಕ್ಕಳ ಮನೆಗೆಂದು ಹೋಗುವವರೇ, ಬ್ರಿಟನ್ನಿನ ಪ್ರವಾಸಿ ವೀಸಾ ಫ್ರಾನ್ಸಿನಲ್ಲಿ ನಡೆಯುವುದಿಲ್ಲ. ಅಲ್ಲಿಗೆ ಬೇಕಾದ ಷೆಂಗೆನ್ ವೀಸಾ ಮೊದಲೇ ಮಾಡಿಸಿಕೊಳ್ಳಿ.