ಹಳೆಯ ಬೈಕು ಕೈಕೊಟ್ಟಾಗ

ಬೈಕು ದಾರಿಯಲ್ಲಿ ಕೈಕೊಟ್ಟ ದಿನವೇ ಶೋರೂಮಿನ ಮೆಟ್ಟಿಲು ಹತ್ತಬೇಡ್ರಿ. ಸಿಟ್ಟಿನಲ್ಲಿ ಹಾಕಿದ ಲೆಕ್ಕ ಸರಿಯಿರುವುದಿಲ್ಲ. ಎರಡು ದಿನ ಬಿಟ್ಟು ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಿ. ಇಂಜಿನ್ ಬಿಚ್ಚುವ ಮುಂಚೆಯೇ ಖರ್ಚೆಷ್ಟು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ; ಬಿಚ್ಚಿದ ಮೇಲೆ ಚೌಕಾಸಿ ನಡೆಯುವುದಿಲ್ಲ.

ನೀಲಿ ಹೊಗೆ ಕಂಡರೆ ಗಾಡಿಯ ಕಥೆ ಮುಗಿಯಿತು ಅನ್ನುವ ಮಂದಿಯೇ ಹೆಚ್ಚು. ಅದು ಆಯಿಲ್ ಸುಡುತ್ತಿರುವ ಗುರುತು. ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಅಥವಾ ಬೋರ್ ಕೆಲಸದಲ್ಲಿ ಸರಿಹೋಗಬಹುದು. ಚೈನು, ಕ್ಲಚ್ ಪ್ಲೇಟು, ಟೈರುಗಳಂತೂ ಸವೆಯಲೆಂದೇ ಇರುವ ಭಾಗಗಳು. ಆದರೆ ಚಾಸಿ ತುಕ್ಕು ಹಿಡಿದು ಬಿರುಕು ಬಿಟ್ಟಿದ್ದರೆ, ವೆಲ್ಡಿಂಗ್ ಮಾಡಿಸಿ ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಬೇಡಿ. ಧಾರವಾಡದ ಮಳೆಯಲ್ಲಿ ವರ್ಷಗಟ್ಟಲೆ ಹೊರಗೆ ನಿಂತ ಗಾಡಿಯಾದರೆ ಇದನ್ನೇ ಮೊದಲು ನೋಡಿಸಿ. ಇಲ್ಲಿ ಜಿಪುಣತನ ಬೇಡವೇ ಬೇಡ.

ಆರ್‌ಸಿ ತೆಗೆದು ತಾರೀಖು ನೋಡಿ. ಸ್ವಂತ ಬಳಕೆಯ ಗಾಡಿಗೆ 15 ವರ್ಷ ತುಂಬಿದರೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಅದು 5 ವರ್ಷ ನಡೆಯುತ್ತದೆ. ಆ ಖರ್ಚನ್ನೂ ರಿಪೇರಿಯ ಲೆಕ್ಕಕ್ಕೆ ಸೇರಿಸಿ. ಹೊಸದಕ್ಕೆ ಜಾಹೀರಾತಿನ ಎಕ್ಸ್ ಶೋರೂಂ ಬೆಲೆಯ ಮೇಲೆ ತೆರಿಗೆ, 5 ವರ್ಷದ ಥರ್ಡ್ ಪಾರ್ಟಿ ವಿಮೆ, ಸಾಲವಿದ್ದರೆ ಬಡ್ಡಿ ಕೂಡುತ್ತವೆ.

ದಿನವೂ ಹುಬ್ಬಳ್ಳಿ–ಧಾರವಾಡದ ನಡುವೆ 20 ಕಿಲೋಮೀಟರ್ ಹೋಗಿ, ಮತ್ತಷ್ಟೇ ಬರುವವರು ಇನ್ನೊಂದು ವಿಚಾರ ಮಾಡಿ. ಆ ಓಟವನ್ನು ಅದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸಿಗೆ ಬಿಟ್ಟರೆ, ಓಣಿಯಿಂದ ಬಸ್ ನಿಲ್ದಾಣಕ್ಕೆ, ಸಂಜೆ ಪ್ಯಾಟಿಗೆ ಹೋಗಲು ಇದೇ ಗಾಡಿ ಇನ್ನೂ ಕೆಲವು ವರ್ಷ ಸಾಕಾದೀತು.