ಹಿರಿಯರ ಮಾತನ್ನು ಹಾಳೆಗಿಳಿಸುವುದು ಹೇಗೆ?

ಹೊಳಲ್ಕೆರೆ ಸೀಮೆಯಲ್ಲಿ ಕಪಿಲೆ ಹೊಡೆದು ಬಾವಿ ನೀರು ಎತ್ತಿದವರು ಈಗ ಕೆಲವರಷ್ಟೇ. ಇಂದಿನ ಅಡಿಕೆ ತೋಟಗಳು ಬೋರ್‌ವೆಲ್ ನಂಬಿ ನಿಂತಿವೆ. ಬಾವಿಯಲ್ಲಿ ಎಷ್ಟು ನೀರಿತ್ತು, ಯಾವ ಮಳೆಗೆ ಏನು ಬಿತ್ತುತ್ತಿದ್ದರು, ಬರದಲ್ಲಿ ದನ ಹೇಗೆ ಉಳಿಸಿಕೊಂಡರು? ಇದೆಲ್ಲ ಹಿರಿಯರ ಬಾಯಲ್ಲಿದೆ. ಅವರು ಹೋದರೆ ಅದೂ ಹೋಯಿತು.

ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಚಳ್ಳಕೆರೆ ತಾಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದು ಬರಹ ಬಾರದು. ಆಕೆಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದರು. ಅಜ್ಜಿ ಇಂದಿಲ್ಲ, ಹಾಡು ಉಳಿದಿವೆ. ಬೇಸಾಯದ ಮಾತಿಗೂ ಇಂಥದೇ ಕೆಲಸ ಆಗಬೇಕು. ಅದಕ್ಕೆ ಮೊಬೈಲು, ನೋಟ್‌ಬುಕ್ಕು, ತಾಳ್ಮೆ ಸಾಕು.

ಕೇಳುವಾಗ: ಧ್ವನಿ ಹಿಡಿಯುತ್ತೇವೆ, ಪತ್ರಿಕೆಗೆ ಬರೆಯುತ್ತೇವೆ ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಮೋಟಾರು, ಟಿವಿ ಸದ್ದಿಲ್ಲದ ಕಡೆ ಕೂರಿ. ಶುರುವಿನಲ್ಲೇ ಊರು, ಹೆಸರು, ತಾರೀಕು ನೀವೇ ಹೇಳಿ ದಾಖಲಿಸಿ. ಇಸವಿ ನೆನಪಾಗದಿದ್ದರೆ "ಮಗಳ ಮದುವೆಗೆ ಮುಂಚೆಯೋ, ಆಮೇಲೋ?" ಅಂತ ಕೇಳಿ, ಉತ್ತರ ಸಿಗುತ್ತದೆ.

ಬರೆದುಕೊಳ್ಳುವಾಗ: ಒಂದು ಗಂಟೆಯ ಮಾತು ಬರೆದುಕೊಳ್ಳಲು ನಾಲ್ಕೈದು ಗಂಟೆ ಬೇಕು. ಒಂದೇ ದಿನ ಮುಗಿಸುವ ಹಟ ಬೇಡ. ಮೊದಲ ಸಲ ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ. ಕೇಳಿಸದ ಕಡೆ ಖಾಲಿ ಬಿಡಿ, ಊಹಿಸಿ ತುಂಬಬೇಡಿ.

ತಿದ್ದುವಾಗ: ಇಲ್ಲೇ ಹೆಚ್ಚು ಹಾಳಾಗುವುದು. ಅಜ್ಜ "ಬಾವ್ಯಾಗೆ ಎರಡಾಳು ನೀರಿರ್ತಿತ್ತು ಕಣಪ್ಪ" ಅಂದರು ಎಂದಿಟ್ಟುಕೊಳ್ಳಿ. ಅದನ್ನು "ಹಿಂದೆ ಅಂತರ್ಜಲ ಮಟ್ಟ ಉತ್ತಮವಾಗಿತ್ತು" ಅಂತ ತಿದ್ದಿದರೆ ಭಾಷೆ ನಯವಾಯಿತು, ಲೆಕ್ಕ ಸತ್ತಿತು. ಎರಡಾಳು ಅಂದರೆ ಹತ್ತು ಹನ್ನೊಂದು ಅಡಿ. ಇವತ್ತಿನ ಬಾವಿಗೆ ಹೋಲಿಸಬಹುದಾದ ಅಳತೆ ಅದು. ಒಂದೇ ಮಾತು ಮೂರು ಸಲ ಬಂದರೆ ಎರಡನ್ನು ತೆಗೆಯಿರಿ, ಆದರೆ ಅವರ ಪದ ಬದಲಿಸಬೇಡಿ. ಮಿರುಗನ ಮಳೆ ಅಂದರೆ ಹಾಗೇ ಬರೆದು, ಪಕ್ಕದಲ್ಲಿ ಜೂನ್ ಎರಡನೇ ವಾರದಿಂದ ಅಂತ ಸೇರಿಸಿ. ಸೇರು ಅಂದರೆ ಅಳತೆ ಸೇರೋ, ತೂಕದ ಸೇರೋ ಕೇಳಿಕೊಳ್ಳಿ.

ಅಂಕಿ ಬಗ್ಗೆ ಎಚ್ಚರ: ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಒಂದು ಸೊನ್ನೆ ಬಿಟ್ಟು 10 ಲೀಟರ್ ಅಂತ ಅಚ್ಚಾದರೆ ಅದು ಕಾಂಡಕ್ಕೆ ಹಚ್ಚುವ ಪೇಸ್ಟು. ನಂಬಿ ಸಿಂಪಡಿಸಿದವನ ತೋಟದ ಗತಿ ಏನು?

ಅಚ್ಚಿಗೆ ಮುಂಚೆ: ಬರೆದದ್ದನ್ನು ಅವರೆದುರೇ ಓದಿ ಹೇಳಿ. ಓದಲು ಬಾರದವರಿಗಂತೂ ಇದು ಬೇಕೇ ಬೇಕು. "ಅದು ಹಂಗಲ್ಲಪ್ಪ" ಅಂದರೆ ತಿದ್ದಿ. ಸಾಲ, ಹೊಲದ ವ್ಯಾಜ್ಯ, ಮನೆ ಜಗಳ ಮಾತಿನ ಭರದಲ್ಲಿ ಬಂದಿರುತ್ತವೆ. ಅವನ್ನು ಅಚ್ಚು ಮಾಡಿದರೆ ಆ ಮನೆ ಬಾಗಿಲು ನಿಮಗೆ ಮುಚ್ಚಿತು ಅಂತಲೇ ತಿಳಿಯಿರಿ.

ಅಚ್ಚಾದ ಮೇಲೂ ಧ್ವನಿ ಅಳಿಸಬೇಡಿ. ಎರಡು ಕಡೆ ಇಡಿ, ಒಂದು ಪ್ರತಿ ಆ ಮನೆಯವರಿಗೇ ಕೊಡಿ. ನಿಮ್ಮೂರಿನ ಅತಿ ಹಿರಿಯ ಬೇಸಾಯಗಾರರಿಂದಲೇ ಶುರು ಮಾಡಿ, ಸುಗ್ಗಿ ಮುಗಿಯಲಿ ಅಂತ ಕಾಯಬೇಡಿ.